ಮೌನವ್ರತಕ್ಕೆ ಬಂದ ನಾಲ್ಕನೇ ಜ್ವರ

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಸಂಜೆ ಪೂಜೆ ಮುಗಿಸಿಕೊಂಡು, ಹಣೆಯ ಮೇಲೆ ಬೂದಿಯ ಶಿಲುಬೆ ಹಾಗೇ ಇಟ್ಟುಕೊಂಡು ಮನೆಗೆ ಬಂದ ಇನ್ನಾಸಪ್ಪ ಮೇಷ್ಟ್ರು, ಚಪ್ಪಲಿ ಬಿಡುವ ಮೊದಲೇ ಹೆಂಡತಿಯ ಮುಂದೆ ನಿಂತು ಘೋಷಿಸಿದರು.

"ಸಹಾಯ, ಈ ತಪಸ್ಸುಕಾಲ ಮುಗಿಯೋವರೆಗೂ ಇದು ಮನೆ ಅಲ್ಲ. ಮಠ."

ಸೊಪ್ಪು ಬಿಡಿಸುತ್ತಿದ್ದ ಸಹಾಯಮ್ಮ ತಲೆ ಎತ್ತಲಿಲ್ಲ. "ಮಠಕ್ಕೆ ರಾತ್ರಿ ಊಟ ಇದೆಯಾ, ಇಲ್ಲ ನನಗೊಬ್ಬಳಿಗೇ ಮುದ್ದೆ ತಿರುವ್ಲಾ?"

"ತಮಾಷೆ ಅಲ್ಲ. ಟೀವಿ ಇಲ್ಲ. ಬಾಡೂಟ ಇಲ್ಲ. ಮನೆಗೆ ಬರೋರು ಹೋಗೋರು ಇಲ್ಲ. ಬೆಳಿಗ್ಗೆ ಸಂಜೆ ಸಾಂಬ್ರಾಣಿ, ಪ್ರಾರ್ಥನೆ, ಧ್ಯಾನ. ಎಲ್ಲಕ್ಕಿಂತ ಮುಖ್ಯ, ಮೌನ."

"ಮೌನ ಅಂದ್ರೆ ನೀವು ಮಾತಾಡಲ್ವಾ?"

"ಒಂದಕ್ಷರ ಆಡಲ್ಲ."

"ನಲವತ್ತು ದಿನಾನೂ?"

"ಭಾನುವಾರ ಬಿಟ್ಟು. ಭಾನುವಾರ ವ್ರತಕ್ಕೆ ಸೇರಲ್ಲ."

"ಪರವಾಗಿಲ್ಲ ಬಿಡಿ," ಎಂದರು ಸಹಾಯಮ್ಮ ಸಮಾಧಾನದಿಂದ. "ಭಾನುವಾರ ನಾನು ಮಂಚೇನಹಳ್ಳಿಗೆ ಅಣ್ಣನ ಮನೆಗೆ ಹೋಗಿರ್ತೀನಿ."

ಮೇಷ್ಟ್ರು ಮೌನವ್ರತ ಹಿಡಿಯುವುದೆಂದರೆ ಸಣ್ಣ ಸುದ್ದಿಯಲ್ಲ. ಅವರು ಕೆಜಿಎಫ್‌ನ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ಟರಾಗಿದ್ದವರು. ಮೈದಾನದ ಈ ತುದಿಯಲ್ಲಿ ನಿಂತು ಅವರು 'ಸಾವಧಾನ್' ಎಂದರೆ ಆ ತುದಿಯ ಕಾಂಪೌಂಡಿನಾಚೆ ಐಸ್‌ಕ್ಯಾಂಡಿ ಮಾರುವವನೂ ನೆಟ್ಟಗೆ ನಿಲ್ಲುತ್ತಿದ್ದನಂತೆ. ನಿವೃತ್ತರಾದ ಮೇಲೆ ದಿಬ್ಬೂರಹಳ್ಳಿಯ ಅಂಚಿನಲ್ಲಿ, ಹಿಪ್ಪುನೇರಳೆ ತೋಟದ ಪಕ್ಕಕ್ಕೆ ಮನೆ ಕಟ್ಟಿಕೊಂಡು ಬಂದಿದ್ದರು. ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಊರಿನವರಿಗೆ ಅವರ ಮುಖಕ್ಕಿಂತ ದನಿಯೇ ಹೆಚ್ಚು ಪರಿಚಯವಾಗಿತ್ತು.

ವ್ರತವನ್ನು ಗುಟ್ಟಾಗಿ ಮಾಡಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಮೇಷ್ಟ್ರು ಆ ಮೊದಲ ಭಾನುವಾರವೇ, ಶಿಡ್ಲಘಟ್ಟದ ಕಡೆಯ ತಮ್ಮ ಚರ್ಚಿನ ಬಾಗಿಲಲ್ಲಿ, ಜನ ಗುಂಪುಗೂಡಿದ್ದಾಗ ಫಾದರ್ ಆರೋಗ್ಯರಾಜ್ ಅವರಿಗೆ ಇದನ್ನೆಲ್ಲ ವಿವರಿಸಿದರು. ಭಾನುವಾರವಾದ್ದರಿಂದ ಚೆನ್ನಾಗಿಯೇ ವಿವರಿಸಿದರು.

"ಮೌನ ಒಳ್ಳೇದು ಮೇಷ್ಟ್ರೇ. ಆದ್ರೆ ಸುಲಭ ಅಲ್ಲ," ಎಂದರು ಫಾದರ್. ವಯಸ್ಸಿನಲ್ಲಿ ಚಿಕ್ಕವರು, ನಗುಮುಖದವರು.

"ನಮ್ಮಂಥೋರಿಗೆ ಏನು ಕಷ್ಟ ಫಾದರ್? ಬೇಕಾದ್ರೆ ಜನ ಬಂದು ನೋಡಿ ಕಲ್ತುಕೊಳ್ಳಲಿ."

"ಹಾಗಾದ್ರೆ ಒಂದು ಕೆಲಸ ಮಾಡೋಣ. ಗರಿಗಳ ಭಾನುವಾರಕ್ಕೆ ಮುಂಚಿನ ಶುಕ್ರವಾರದ ಶಿಲುಬೆ ಹಾದಿ ನಿಮ್ಮ ಮನೇಲೇ ಇಟ್ಕೊಳ್ಳೋಣ. ಎಲ್ಲರನ್ನೂ ಕರ್ಕೊಂಡು ಬರ್ತೀನಿ."

ಗರಿಗಳ ಭಾನುವಾರ ಬರುವುದು ಈಸ್ಟರ್‌ಗೆ ಸರಿಯಾಗಿ ಒಂದು ವಾರ ಮುಂಚೆ. ಶಿಲುಬೆ ಹಾದಿಯೆಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಹದಿನಾಲ್ಕು ಸ್ಥಳಗಳನ್ನು ನೆನೆದು, ಒಂದೊಂದರಲ್ಲೂ ನಿಂತು ಮಾಡುವ ಪ್ರಾರ್ಥನೆ. ಅದು ತಮ್ಮ ಮನೆಯಲ್ಲಿ ನಡೆಯುವುದೆಂದರೆ ಮೇಷ್ಟ್ರಿಗೆ ಎದೆ ಎರಡಿಂಚು ಉಬ್ಬಿತು.

ಮಠದ ಜೀವನ ಶುರುವಾಯಿತು. ಟೀವಿಗೆ ನೇರಳೆ ಬಟ್ಟೆ ಹೊದಿಸಿದರು. ಮುಂದಿನ ಕೋಣೆಯಲ್ಲಿ ಒಂದು ಚಾಪೆ, ಒಂದು ಶಿಲುಬೆ, ಸಾಂಬ್ರಾಣಿ ಧೂಪದ ಬಟ್ಟಲು ಇಟ್ಟು ಅದನ್ನು ತಪೋವನ ಮಾಡಿಕೊಂಡರು. ಮಾತಿಗೆ ಬದಲು ಕೈಸನ್ನೆ. ಪೇಪರು ಬೇಕೆಂದು ಎರಡು ಅಂಗೈ ಬಿಚ್ಚಿ ತೋರಿಸಿದರೆ ಸಹಾಯಮ್ಮ ಜಪಸರ ತಂದುಕೊಟ್ಟರು. ಸಾರು ಸಾಕೆಂದು ಕೈ ಅಡ್ಡ ಹಿಡಿದರೆ, ಆಶೀರ್ವಾದ ಮಾಡುತ್ತಿದ್ದಾರೆಂದುಕೊಂಡು ಇನ್ನೊಂದು ಸೌಟು ಬಡಿಸಿದರು. ಕೊನೆಗೆ ಮೇಷ್ಟ್ರು ಹಳೆಯ ವಿಷಲ್ ಹುಡುಕಿ ಕತ್ತಿಗೆ ಹಾಕಿಕೊಂಡರು. ಒಂದು ಸಲ ಊದಿದರೆ ನೀರು, ಎರಡು ಸಲ ಊದಿದರೆ ಕಾಫಿ.

"ಮಠದಲ್ಲಿ ವಿಷಲ್ ಊದ್ತಾರಾ?" ಎಂದು ಸಹಾಯಮ್ಮ ಕೇಳಿದರು. ಉತ್ತರ ಕೊಡಲು ಬಾಯಿ ತೆರೆಯುವಂತಿರಲಿಲ್ಲ. ವಿಷಲ್ ರಾಗಿ ಹಿಟ್ಟಿನ ಡಬ್ಬ ಸೇರಿತು.

ತಪಸ್ಸುಕಾಲ ಅರ್ಧ ದಾಟಿದ ಮೇಲೆ ಒಂದು ಮಧ್ಯಾಹ್ನ ಸ್ಕಂದಗಿರಿಯ ದಿಕ್ಕಿನಿಂದ ಕಪ್ಪು ಮೋಡ ಎದ್ದಿತು. ಮೊದಲು ಧೂಳು, ಆಮೇಲೆ ಗಾಳಿ, ಅದರ ಹಿಂದೆಯೇ ದಪ್ಪ ಹನಿ. ಹಿತ್ತಲ ಕಡೆ ದಡಾರನೆ ಏನೋ ಹಾರಿಹೋದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ತೋಟದ ಅಮ್ಮಾಜಮ್ಮ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಓಡಿ ಬಂದರು. ಅವರೂ ಗಂಡ ನರಸಿಂಹಪ್ಪನೂ ಮೇಷ್ಟ್ರ ಬೆನ್ನಿಗೇ ಇರುವ ನೆರೆಯವರು.

"ಮೇಷ್ಟ್ರೇ, ಒಂದು ಉಪಕಾರ ಆಗ್ಬೇಕು. ಶೀಟೆಲ್ಲಾ ಹಾರೋದ್ವು. ಒಳಗಡೆ ಎಲ್ಲಾ ನೆನೀತಾ ಅವೆ. ನಾಲ್ಕನೇ ಜ್ವರ ಎದ್ದು ಈಗಷ್ಟೇ ತಿನ್ನಕ್ಕೆ ಶುರು ಮಾಡಿದ್ವು. ಮಕ್ಕಳಂಗೆ ಸಾಕಿದೀನಿ. ಈ ಶೀತ ತಗುಲಿದ್ರೆ ಒಂದೂ ಉಳಿಯಲ್ಲ. ಒಳಗಡೆ ಒಸಿ ಜಾಗ ಕೊಡ್ತೀರಾ?"

ಅಮ್ಮಾಜಮ್ಮನ ಮಗಳು ಪವಿತ್ರ ಮಕ್ಕಳ ಜೊತೆ ತವರಿಗೆ ಬಂದಿದ್ದನ್ನು ಮೇಷ್ಟ್ರು ಹಿಂದಿನ ದಿನವಷ್ಟೇ ನೋಡಿದ್ದರು. ಪಾಪ, ಆ ಎಳೆಯ ಕೂಸುಗಳಿಗೆ ಜ್ವರ. ಅದೂ ಒಂದಲ್ಲ, ಎರಡಲ್ಲ, ನಾಲ್ಕನೇ ಸಲ. ಅವರ ಕರುಳು ಚುರ್ ಎಂದಿತು. ಹಸಿದವರಿಗೆ ಅನ್ನ, ನೆಲೆಯಿಲ್ಲದವರಿಗೆ ನೆಲೆ ಎಂದು ಧ್ಯಾನಿಸುತ್ತಿದ್ದವರ ಬಾಗಿಲಿಗೇ ದೇವರು ಪರೀಕ್ಷೆ ಕಳಿಸಿದ್ದಾನೆ.

ಅಷ್ಟರಲ್ಲಿ ಅಡುಗೆಮನೆಯಿಂದ ಸಹಾಯಮ್ಮ ಧಾವಿಸಿದರು. "ರೀ, ಅದು..."

ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು ಹೆಂಡತಿಯನ್ನು ತಡೆದರು. ಇಂಥ ಹೊತ್ತಿನಲ್ಲಿ ಲೆಕ್ಕಾಚಾರದ ಮಾತು ಬೇಡ. ಅಮ್ಮಾಜಮ್ಮನ ಕಡೆ ತಿರುಗಿ, ಚರ್ಚಿನ ಕಿಟಕಿಯ ಗಾಜಿನಲ್ಲಿ ನಿಂತ ಸಂತರ ಹಾಗೆ ಎರಡೂ ತೋಳು ಚಾಚಿದರು. ಎಲ್ಲವೂ ಬರಲಿ. ಇಡೀ ಮನೆ ನಿಮ್ಮದೇ.

ಅಮ್ಮಾಜಮ್ಮ ಕಣ್ಣು ಒರೆಸಿಕೊಂಡು ಓಡಿದರು. ಮೇಷ್ಟ್ರು ತಮ್ಮ ಚಾಪೆಯನ್ನೇ ಮಕ್ಕಳಿಗೆಂದು ಹಾಸಿ, ಕಂಬಳಿ ತಂದಿಟ್ಟು, ಬಾಗಿಲಲ್ಲಿ ಕಾದು ನಿಂತರು.

ಮೊದಲು ಬಂದದ್ದು ಅಗಲವಾದ ಒಂದು ಬಿದಿರಿನ ತಟ್ಟೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿತ್ತು. ಹಿಂದೆ ಇನ್ನೊಂದು ತಟ್ಟೆ, ಅದರ ಹಿಂದೆ ಮತ್ತೊಂದು. ನರಸಿಂಹಪ್ಪ ತಟ್ಟೆ ಜೋಡಿಸುವ ಸ್ಟ್ಯಾಂಡನ್ನೇ ಹೊತ್ತು ತಂದರು. ಮಕ್ಕಳು ಎಲ್ಲಿ ಎಂದು ಮೇಷ್ಟ್ರು ಹಾಳೆ ಎತ್ತಿ ನೋಡಿದರು. ಒಳಗೆ ಸೊಪ್ಪಿನ ಮೇಲೆ ಬೆರಳುದ್ದದ ಬಿಳಿ ರೇಷ್ಮೆ ಹುಳುಗಳು ಗಿಜಿಗಿಜಿ ಎನ್ನುತ್ತಿದ್ದವು.

ಮೇಷ್ಟ್ರು ಹೆಂಡತಿಯ ಮುಖ ನೋಡಿದರು.

"ಜ್ವರ ಅಂದ್ರೆ ಹುಳ ಪೊರೆ ಬಿಡೋದು ರೀ," ಎಂದರು ಸಹಾಯಮ್ಮ ತಣ್ಣಗೆ. "ಅಣ್ಣನ ಮನೇಲಿ ಚಿಕ್ಕವಳಿದ್ದಾಗಿಂದ ನೋಡಿದೀನಿ. ಹೇಳಕ್ಕೇ ಬಂದೆ. ನೀವು ಬಾಯಿ ಮುಚ್ಚು ಅಂದ್ರಿ."

ಬೇಡ ಎನ್ನಲು ಒಂದು ಅಕ್ಷರ ಸಾಕಿತ್ತು. ಆ ಒಂದು ಅಕ್ಷರವನ್ನೇ ಅವರು ದೇವರಿಗೆ ಕೊಟ್ಟುಬಿಟ್ಟಿದ್ದರು. ಕತ್ತಲಾಗುವಷ್ಟರಲ್ಲಿ ಹಾಲ್ ತುಂಬಿತು, ತಪೋವನ ತುಂಬಿತು, ಊಟದ ಮೇಜಿನ ಕೆಳಗೂ ತಟ್ಟೆ ಬಂತು.

ಮರುದಿನದಿಂದ ಮಠಕ್ಕೆ ಹೊಸ ಆಡಳಿತ. ಅಮ್ಮಾಜಮ್ಮ ಮೊದಲು ಮೂಗು ಅರಳಿಸಿ ಕೋಣೆಯ ಗಾಳಿ ಹೀರಿದರು.

"ಇದೇನು ಮೇಷ್ಟ್ರೇ, ಸಾಂಬ್ರಾಣಿ ಹಾಕಿದೀರಾ? ಹೊಗೆ ಕುಡಿದ್ರೆ ಹುಳ ಸತ್ತೋಗ್ತವೆ." ಧೂಪದ ಬಟ್ಟಲು ಹೊರಗೆ ಹೋಯಿತು. ಅದರ ಹಿಂದೆ ಊದುಬತ್ತಿ, ಸೊಳ್ಳೆಬತ್ತಿ, ಮೇಷ್ಟ್ರ ಪೌಡರ್ ಡಬ್ಬವೂ ಹೋದವು. "ಕಾಲು ತೊಳ್ಕೊಂಡೇ ಒಳಗೆ ಬರ್ಬೇಕು. ಒಗ್ಗರಣೆ ಘಾಟು ಬೇಡ. ಮತ್ತೆ ಬೆಳಕರಿಯೋ ಮುಂಚೆ ಎದ್ದು ಸೊಪ್ಪು ಹಾಕ್ಬೇಕು."

ಒಗ್ಗರಣೆಯಿಲ್ಲದ ಸಾರು, ಮುಂಜಾನೆಯ ಚಾಕರಿ, ಕಾಲು ತೊಳೆಯುವ ಶಾಸ್ತ್ರ. ಮೇಷ್ಟ್ರು ಓದಿಕೊಂಡಿದ್ದ ಯಾವ ಸನ್ಯಾಸಿಗಳ ಮಠದಲ್ಲೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ಇನ್ನು ಮೌನದ ವಿಷಯ ಕೇಳುವುದೇ ಬೇಡ. ಅಷ್ಟೂ ಹುಳುಗಳು ಸೊಪ್ಪು ಮೇಯುವ ಸದ್ದು ಹಂಚಿನ ಮೇಲೆ ಜಡಿಮಳೆ ಬಿದ್ದ ಹಾಗೆ. ಧ್ಯಾನಕ್ಕೆ ಕೂತರೆ ಕೊಡೆ ಎಲ್ಲಿದೆ ಎಂದು ಮನಸ್ಸು ಹುಡುಕುತ್ತಿತ್ತು.

ಭಾನುವಾರ ಬರಲಿ ಎಂದು ಮೇಷ್ಟ್ರು ಹಲ್ಲು ಕಚ್ಚಿ ಕಾದರು. ಪೂಜೆಯಿಂದ ವಾಪಸು ಬರುವ ಬಸ್ಸಿನಲ್ಲಿ ಭಾಷಣ ಸಿದ್ಧವಾಯಿತು. ನೆರೆಯವರ ಮೇಲೆ ಗೌರವವಿದೆ, ಆದರೆ ಶುಕ್ರವಾರ ಚರ್ಚಿನವರು ಬರುತ್ತಾರೆ, ಆದ್ದರಿಂದ ಇವತ್ತೇ ತಟ್ಟೆಗಳನ್ನು ತೆಗೆಯಬೇಕು. ಮನೆ ತಲುಪಿದರೆ ಜಗಲಿಯ ಮೇಲೆ ನರಸಿಂಹಪ್ಪ ಕೂತಿದ್ದರು. ಮೇಷ್ಟ್ರನ್ನು ಕಂಡು ಎದ್ದು ನಿಂತರು.

"ಏಮ್ ಚೆಪ್ಪಾಲಿ, ಏನಂತ ಹೇಳ್ಲಿ ಮೇಷ್ಟ್ರೇ," ಎಂದು ನರಸಿಂಹಪ್ಪ ಟವೆಲಿನಲ್ಲಿ ಮುಖ ಒತ್ತಿಕೊಂಡರು. "ಆವತ್ತು ಆ ಗಾಳೀಲಿ ನಮ್ಮೋರೇ ನಾಕು ಮನೆ ಬಾಗಿಲು ತಟ್ಟಿದ್ವಿ. ಒಬ್ರು ಜಾಗ ಇಲ್ಲ ಅಂದ್ರು, ಇನ್ನೊಬ್ರು ಯಜಮಾನ್ರು ಬರ್ಲಿ ಅಂದ್ರು. ನೀವು ಒಂದ್ ಮಾತೂ ಕೇಳ್ದೆ ಎರಡೂ ಕೈ ಚಾಚಿಬಿಟ್ರಿ. ನಮ್ಮಾಕೆ ಮೂರು ದಿನದಿಂದ ಅದನ್ನೇ ಹೇಳ್ತಾ ಅವಳೆ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಬಸ್ಸಿನಲ್ಲಿ ಅಷ್ಟು ಚೆನ್ನಾಗಿದ್ದ ಭಾಷಣ ನಾಲಿಗೆಯ ತುದಿಯಲ್ಲಿ ಕರಗಿಹೋಯಿತು.

"ಸೊಪ್ಪು ಸಾಕಾಯ್ತಾ ನರಸಿಂಹಪ್ಪ?" ಎಂದಷ್ಟೇ ಕೇಳಿದರು. ವಾರವೆಲ್ಲ ಕಾದಿದ್ದ ಭಾನುವಾರದಲ್ಲಿ ಅವರು ಆಡಿದ ದೊಡ್ಡ ಮಾತು ಅದೇ.

ಆ ವಾರ ಮೇಷ್ಟ್ರು ಕಾಲು ತೊಳೆದುಕೊಂಡು, ಪಂಚೆ ಎತ್ತಿಕಟ್ಟಿ, ಬೆಳಗಿನ ಜಾವ ಸೊಪ್ಪು ಹಾಕಲು ಕಲಿತರು. ಹುಳುಗಳ ಮೇಲೆ ಒಂಥರಾ ಮಮತೆಯೂ ಬಂತು. ಕೆಜಿಎಫ್ ಹುಡುಗರು ಎಂದೂ ಹೀಗೆ ಸಾಲಾಗಿ ತಲೆ ತಗ್ಗಿಸಿ ಊಟ ಮಾಡಿದ್ದಿಲ್ಲ. ಆದರೂ ಒಳಗೊಳಗೇ ಶುಕ್ರವಾರದ ಭಯ ಕೊರೆಯುತ್ತಿತ್ತು. ಜನರ ಮುಂದೆ ಅಷ್ಟು ಬೀಗಿದ ಮಠವನ್ನು ಈ ಅವತಾರದಲ್ಲಿ ತೋರಿಸುವುದು ಹೇಗೆ? ಪ್ರಾರ್ಥನೆಯನ್ನು ಅಂಗಳದಲ್ಲೇ ಮುಗಿಸಿ, ಬಾಗಿಲು ಹಾಕಿಕೊಂಡರೆ ಯಾರಿಗೂ ಗೊತ್ತಾಗದು ಎಂದು ಲೆಕ್ಕ ಹಾಕಿದರು. ಬುಧವಾರವೇ ಸನ್ನೆಯಲ್ಲಿ ಹೆಂಡತಿಗೆ ಅದನ್ನು ತಿಳಿಸಿದರು. ಈ ಸಲ ಸಹಾಯಮ್ಮನಿಗೆ ಸರಿಯಾಗಿಯೇ ಅರ್ಥವಾಯಿತು.

"ದೇವರಿಗೂ ಗೊತ್ತಾಗಲ್ವಾ?" ಎಂದು ಮಾತ್ರ ಕೇಳಿದರು.

ಶುಕ್ರವಾರ ಎರಡು ಅನಾಹುತ ಒಟ್ಟಿಗೇ ಬಂದವು. ಶೀಟು ಹಾಕಲು ಏಣಿ ಹತ್ತಿದ ನರಸಿಂಹಪ್ಪ ಜಾರಿ ಬಿದ್ದು ಕಾಲು ಉಳುಕಿಸಿಕೊಂಡು ಮಲಗಿದರು. ಅದೇ ಮಧ್ಯಾಹ್ನ ಹುಳುಗಳು ಹಣ್ಣಾದವು. ಹಣ್ಣಾದ ಹುಳು ಮೇವು ಬಿಟ್ಟು, ಮೈ ಪಾರದರ್ಶಕವಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತ ತಲೆ ಎತ್ತುತ್ತದೆ. ಕೂಡಲೇ ಒಂದೊಂದನ್ನೂ ಕೈಯಲ್ಲಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ಚಾಪೆಗೆ ಬಿಡಬೇಕು. ತಡವಾದರೆ ಸೊಪ್ಪಿನಲ್ಲೋ ಗೋಡೆಯ ಮೂಲೆಯಲ್ಲೋ ನೂಲು ಸುರಿಸಿ ಎಲ್ಲವೂ ಹಾಳು. ಅಮ್ಮಾಜಮ್ಮ, ಪವಿತ್ರ, ಸಹಾಯಮ್ಮ ಮೂವರೂ ಆರಿಸುತ್ತಲೇ ಇದ್ದರು, ಮೇಷ್ಟ್ರೂ ಸೇರಿಕೊಂಡರು. ಕೈ ಸಾಲದು. ಅಷ್ಟರಲ್ಲಿ ಹೊರಗೆ ಆಟೋಗಳ ಸದ್ದು ಕೇಳಿತು.

ಮೇಷ್ಟ್ರು ಹೊರಗೆ ಓಡಿ ಬಾಗಿಲು ಎಳೆದುಕೊಂಡರು. ಜುಬ್ಬ ಕೊಡವಿಕೊಂಡು, ಕೈ ಮುಗಿದು, ಎಲ್ಲರನ್ನೂ ಅಂಗಳದ ಜಮಖಾನೆಯ ಮೇಲೆ ಕೂರಿಸಿದರು. ಅವರ ಮುಖದ ಗಾಂಭೀರ್ಯ ಕಂಡು ಜನ ಪಿಸುಗುಟ್ಟಿದರು, ನೋಡಿ, ಒಂದು ಮಾತಿಲ್ಲ, ಎಂಥಾ ತಪಸ್ಸು. ಫಾದರ್ ಶಿಲುಬೆ ನಿಲ್ಲಿಸಿ ಸಿದ್ಧರಾಗುವಷ್ಟರಲ್ಲಿ ಹಾಡುವ ಹೆಂಗಸರು ಮರಿಯ ಮಾತೆಯ ಪ್ರಾರ್ಥನೆ ಶುರು ಮಾಡಿದರು. ಮಾತೆಯ ಒಂದೊಂದು ಹೆಸರು ಹೇಳಿದಂತೆಲ್ಲ ಉಳಿದವರು 'ನಮಗಾಗಿ ಪ್ರಾರ್ಥಿಸಿರಿ' ಎನ್ನಬೇಕು. ಮೇಷ್ಟ್ರು ಎಲ್ಲರ ಮುಂದೆ ಮಂಡಿಯೂರಿ ಕಣ್ಣು ಮುಚ್ಚಿದರು.

ಆಗ ಅವರ ಬೆನ್ನಿನ ಮೇಲೆ ಏನೋ ತಣ್ಣಗೆ, ಮೆತ್ತಗೆ ಹರಿದ ಹಾಗಾಯಿತು.

ಗೂಡಿಗೆ ಜಾಗ ಹುಡುಕುತ್ತಿದ್ದ ಹುಳುವೊಂದು ಮೇಷ್ಟ್ರ ಜುಬ್ಬದೊಳಗೆ ಸೇರಿಕೊಂಡಿತ್ತು. ಸೊಂಟದಿಂದ ಬೆನ್ನಿಗೆ, ಬೆನ್ನಿನಿಂದ ಹೆಗಲಿಗೆ ಅದು ಭಕ್ತಿಯಿಂದ ಏರುತ್ತಿತ್ತು. ಮೇಷ್ಟ್ರು ಭುಜ ಕುಣಿಸಿದರು. ಹಲ್ಲು ಕಚ್ಚಿದರು. ಕಣ್ಣಲ್ಲಿ ನೀರು ಬಂತು. ಹಿಂದೆ ಕೂತವರು ಅದನ್ನು ಪಶ್ಚಾತ್ತಾಪವೆಂದುಕೊಂಡು ತಾವೂ ಕಣ್ಣೊರೆಸಿಕೊಂಡರು. ಹುಳು ಕಂಕುಳ ಹತ್ತಿರ ಬಂದು ನಿಂತು ತಲೆ ಆಡಿಸಿತು. ಅಲ್ಲಿಗೆ ಮೇಷ್ಟ್ರ ತಪಸ್ಸು ಮುಗಿಯಿತು.

"ಸಹಾಯಮ್ಮಾ!"

ಇಡೀ ತಪಸ್ಸುಕಾಲ ಕೂಡಿಟ್ಟಿದ್ದ ದನಿ. ಮೈದಾನದ ದನಿ. ಹಿಪ್ಪುನೇರಳೆ ತೋಟದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು.

"ನಮಗಾಗಿ ಪ್ರಾರ್ಥಿಸಿರಿ," ಎಂದಿತು ಅಂಗಳ ತುಂಬಿದ ಜನ, ಒಂದೇ ಉಸಿರಿಗೆ.

"ಸಹಾಯಮ್ಮಾ, ಬೇಗ ಬಾರೇ!"

"ನಮಗಾಗಿ..." ಎಂದು ಶುರು ಮಾಡಿದವರು ಅರ್ಧಕ್ಕೇ ನಿಂತರು. ಬಾಗಿಲು ತೆರೆಯಿತು. ಎರಡೂ ಕೈಯಲ್ಲಿ ಹುಳು ಹಿಡಿದುಕೊಂಡ ಸಹಾಯಮ್ಮ, ಅವರ ಹಿಂದೆ ಬೆವರು ಸುರಿಸುತ್ತಿದ್ದ ಅಮ್ಮಾಜಮ್ಮ, ಅವರ ಹಿಂದೆ ಗೋಡೆಯಿಂದ ಗೋಡೆಗೆ ತಟ್ಟೆಗಳು. ಸಹಾಯಮ್ಮ ಗಂಡನ ಜುಬ್ಬದೊಳಗೆ ಕೈ ಹಾಕಿ ಹುಳುವನ್ನು ಜೋಪಾನವಾಗಿ ತೆಗೆದರು.

"ಇದೂ ಹಣ್ಣಾಗಿದೆ," ಎಂದು ಅಮ್ಮಾಜಮ್ಮನಿಗೆ ಕೊಟ್ಟರು.

ಮೇಷ್ಟ್ರು ಮಂಡಿಯೂರಿದ್ದ ಹಾಗೆಯೇ ಫಾದರ್ ಕಡೆ ತಿರುಗಿದರು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

"ಫಾದರ್, ಇದು ಮಠ ಅಲ್ಲ. ಹುಳುಮನೆ. ಇವರ ಶೀಟು ಗಾಳಿಗೆ ಹಾರೋಯ್ತು. ಜ್ವರ ಬಂದಿರೋ ಮಕ್ಕಳು ಅಂದ್ಕೊಂಡು ಕರೆದೆ. ಹುಳ ಅಂತ ಗೊತ್ತಾಗಿದ್ರೆ ಕರೀತಿರಲಿಲ್ಲ. ಈಗ ಎಲ್ಲಾ ಹಣ್ಣಾಗಿದಾವೆ. ಬಿಡಿಸೋಕೆ ಕೈ ಸಾಲ್ತಿಲ್ಲ."

ಫಾದರ್ ಆರೋಗ್ಯರಾಜ್ ಒಳಗೆ ಇಣುಕಿ ನೋಡಿದರು. ತಟ್ಟೆಗಳ ತುಂಬ ಹುಳುಗಳು ಕತ್ತೆತ್ತಿ ಗಾಳಿಯಲ್ಲಿ ತಡಕಾಡುತ್ತಿದ್ದವು. "ಎಷ್ಟು ಹೊತ್ತಿದೆಯಮ್ಮ?" ಎಂದು ಕೇಳಿದರು.

"ಹೊತ್ತು ಮುಳುಗೋದ್ರೊಳಗೆ ಆಗ್ಬೇಕು ಸ್ವಾಮಿ," ಎಂದರು ಅಮ್ಮಾಜಮ್ಮ. "ಇಲ್ದಿದ್ರೆ ಈ ಬೆಳೆ ಹೋದಂಗೇ."

ಫಾದರ್ ಮೇಲುವಸ್ತ್ರ ತೆಗೆದು ಮಡಿಸಿಟ್ಟರು. ತೋಳು ಮೇಲೆ ಮಾಡಿ ನಲ್ಲಿಯ ಕಡೆ ನಡೆದರು. "ಎಲ್ಲರೂ ಕೈಕಾಲು ತೊಳ್ಕೊಳ್ಳಿ. ಶಿಲುಬೆ ಹಾದಿ ಒಳಗೇ ಮಾಡೋಣ, ಕೆಲಸ ಮಾಡ್ತಾನೇ. ಮೇಷ್ಟ್ರೇ, ನೀವು ಓದಿ. ಎಲ್ಲಾ ಕೋಣೆಗೂ ಕೇಳಿಸೋ ಗಂಟಲು ನಿಮ್ಮದೊಂದೇ."

ಹಾಗೆ ಆ ಸಂಜೆ ದಿಬ್ಬೂರಹಳ್ಳಿಯಲ್ಲಿ ಹಿಂದೆಂದೂ ನಡೆಯದ ಶಿಲುಬೆ ಹಾದಿ ನಡೆಯಿತು. ಮೇಷ್ಟ್ರು ಹಾಲ್‌ನ ನಡುವೆ ನಿಂತು ಓದಿದರು. ಇಸ್ತ್ರಿ ಪ್ಯಾಂಟಿನವರು, ರೇಷ್ಮೆ ಸೀರೆಯವರು, ಹಾಡುವ ಹೆಂಗಸರು ಎಲ್ಲರೂ ತಟ್ಟೆಗಳ ಮುಂದೆ ಬಗ್ಗಿ ಹುಳು ಆರಿಸಿದರು. ಮೊದಲು ಮುಟ್ಟಲು ಅಸಹ್ಯಪಟ್ಟು ಚೀರಿದವರಿಗೆ ಪವಿತ್ರ ಎರಡು ಬೆರಳಲ್ಲಿ ಹಿಡಿಯುವುದನ್ನು ತೋರಿಸಿಕೊಟ್ಟಳು. ಪ್ರತಿ ಸ್ಥಳದಲ್ಲೂ ಎಲ್ಲರೂ ಕೆಲಸ ನಿಲ್ಲಿಸದೆ ಉತ್ತರ ಹೇಳಿದರು.

ಐದನೇ ಸ್ಥಳ ಬಂತು. ಸಿರೇನ್ ಊರಿನ ಸೀಮೋನ ಶಿಲುಬೆ ಹೊರಲು ನೆರವಾದ ಸ್ಥಳ. ಹೊಲದ ಕಡೆಯಿಂದ ತನ್ನ ಪಾಡಿಗೆ ಬರುತ್ತಿದ್ದವನನ್ನು ಹಿಡಿದು ಶಿಲುಬೆ ಹೊರಿಸಿದರು ಎಂದು ಓದಿದ ಮೇಷ್ಟ್ರು ಆ ಸಾಲನ್ನೇ ಮನಸ್ಸಿನಲ್ಲಿ ಮತ್ತೊಮ್ಮೆ ಓದಿಕೊಂಡರು. ವರ್ಷವರ್ಷವೂ ಓದಿದ್ದ ಸಾಲು. ಆ ಸೀಮೋನನೂ ತಾನಾಗಿ ಒಪ್ಪಿಕೊಂಡವನಲ್ಲ, ಸಿಕ್ಕಿಬಿದ್ದವನು ಎಂದು ಇಂದೇ ಹೊಳೆದದ್ದು. ಹಿಂಬಾಗಿಲಿನಲ್ಲಿ ಕುಂಟುತ್ತ ಬಂದ ನರಸಿಂಹಪ್ಪ ಗೋಡೆ ಹಿಡಿದು ನಿಂತು, ತನ್ನ ಹುಳುಗಳನ್ನು ಬಗ್ಗಿ ಆರಿಸುತ್ತಿದ್ದ ಇಷ್ಟು ಅಪರಿಚಿತರ ಬೆನ್ನುಗಳನ್ನು ನೋಡುತ್ತಿದ್ದರು.

"ಮೇಷ್ಟ್ರೇ, ಆರನೇದು," ಎಂದು ಫಾದರ್ ತಟ್ಟೆಯ ಮುಂದಿನಿಂದಲೇ ನೆನಪಿಸಿದರು.

ಹೊತ್ತು ಮುಳುಗುವುದರೊಳಗೆ ಕೊನೆಯ ಹುಳುವೂ ಚಂದ್ರಿಕೆ ಸೇರಿತು. ಗರಿಗಳ ಭಾನುವಾರದ ನಂತರದ ಪವಿತ್ರ ವಾರದಲ್ಲಿ ಗೂಡುಗಳು ಪುಟ್ಟ ಮೊಟ್ಟೆಯ ಆಕಾರದಲ್ಲಿ, ಹಳದಿಯಾಗಿ, ಗಟ್ಟಿಯಾಗಿ ಬಂದವು. ಅಮ್ಮಾಜಮ್ಮ ಅವನ್ನು ಚೀಲ ತುಂಬಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಕಳಿಸಿ, ಮನೆಯೆಲ್ಲ ತೊಳೆದುಕೊಟ್ಟು ಹೋದರು.

ಈಸ್ಟರ್‌ಗೆ ಮುಂಚೆ ಮೇಷ್ಟ್ರು ಪಾಪನಿವೇದನೆಗೆ ಹೋದರು. ಜಾಲರಿಯ ಈಚೆ ಮಂಡಿಯೂರಿ ಎಲ್ಲ ಹೇಳಿಕೊಂಡರು. ಬಡಾಯಿ ಕೊಚ್ಚಿದ್ದು, ವ್ರತ ಮುರಿದದ್ದು, ಜನರ ಕಣ್ಣಿಗೆ ಮಣ್ಣೆರಚಲು ನೋಡಿದ್ದು.

"ಮೌನ ಅಂದ್ರೆ ಏನು ಅಂತ ಅರ್ಥ ಆಯ್ತಾ?" ಎಂದು ಕೇಳಿತು ಆಚೆಯ ದನಿ.

"ಬಾಯಿ ಮುಚ್ಕೊಳ್ಳೋದು ಅಂದ್ಕೊಂಡಿದ್ದೆ. ಅಲ್ಲ ಅನ್ಸುತ್ತೆ."

"ಕಿವಿ ತೆರೆಯೋದು. ನಿಮ್ಮ ಪ್ರಾಯಶ್ಚಿತ್ತ ಇಷ್ಟೇ. ಮನೆಗೆ ಹೋಗಿ ಹೆಂಡತಿ ಮುಂದೆ ಕೂತ್ಕೊಳ್ಳಿ. ಇಷ್ಟು ವರ್ಷದಿಂದ ಅವರು ಹೇಳ್ಬೇಕು ಅಂತಿದ್ದಿದ್ದೆಲ್ಲಾ ಹೇಳಲಿ. ನಡುವೆ ಒಂದು ಮಾತೂ ಆಡ್ಬೇಡಿ."

ಮೇಷ್ಟ್ರು ಬಂದು ವಿಷಯ ತಿಳಿಸಿದರು. ಸಹಾಯಮ್ಮ ಒಲೆ ಆರಿಸಿದರು. ಕೈ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

ಈಸ್ಟರ್ ಪೂಜೆಯ ದಿನ ಚರ್ಚಿನ ಅಂಗಳದಲ್ಲಿ ಎಲ್ಲರೂ ಕೈ ಕುಲುಕುತ್ತಿದ್ದಾಗ ಮೇಷ್ಟ್ರು ಫಾದರನ್ನು ಬದಿಗೆ ಕರೆದರು. ಜೀವಮಾನದಲ್ಲಿ ಮೊದಲ ಸಲ ಅವರ ದನಿ ಪಕ್ಕದವರಿಗೂ ಕೇಳಿಸದಷ್ಟು ಮೆತ್ತಗಿತ್ತು.

"ಫಾದರ್, ಒಂದು ಅನುಮಾನ. ಪ್ರಾಯಶ್ಚಿತ್ತ ಮುಗಿಯದೇನೇ ಪ್ರಸಾದ ತಗೊಂಡ್ಬಿಟ್ಟೆ. ತಪ್ಪಾ?"

"ಇನ್ನೂ ಮುಗಿದಿಲ್ವಾ?"

"ಎಲ್ಲಿ ಫಾದರ್. ದಿನಾ ಕೂರ್ತಿದೀನಿ. ಅವಳ ಕತೇಲಿ ನಿನ್ನೆ ತಾನೇ ನಮ್ಮ ಮದುವೆ ಊಟ ಮುಗೀತು." ಅಷ್ಟು ದೂರದಲ್ಲಿ ಯಾರೊಂದಿಗೋ ನಗುತ್ತ ನಿಂತಿದ್ದ ಹೆಂಡತಿಯನ್ನು ಅವರು ಹೊಸದಾಗಿ ಪರಿಚಯವಾದವರನ್ನು ನೋಡುವ ಹಾಗೆ ನೋಡಿದರು. "ಇವತ್ತು ಅತ್ತೆಮನೆಗೆ ಕಾಲಿಡ್ತಾಳಂತೆ."